ಸಂಜೆ ನುಂಗಿದ ಮಧ್ಯಾಹ್ನದ ಗುಳಿಗೆ

ನಿಕ್ಲಾಯ್‌ನ ಅಡುಗೆಮನೆಗೆ ಆ ಜನ ಮೊದಲ ಸಲ ಬಂದಾಗ ಅವನು ಮಾಡಿದ್ದೆಂದರೆ ಎದ್ದು ಕಾಫಿಗೆ ನೀರಿಟ್ಟಿದ್ದು. ಅದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಸ್ಕಾರ್ವಾವೀಕ್ ಊರಿನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ತಟ್ಟಿದರೆ ಪೊಲೀಸರು ಬಂದಿದ್ದಾರೆ, ಇಲ್ಲವೇ ಡೆನ್ಮಾರ್ಕಿನಿಂದ ಯಾರೋ ಬಂದಿದ್ದಾರೆ ಎಂದು ಅರ್ಥ. ಉಳಿದವರೆಲ್ಲ ಹೊರಬಾಗಿಲ ಬಳಿ ಬೂಟು ಕಳಚಿ, ಕಾಲುಚೀಲದಲ್ಲೇ ನೇರ ಅಡುಗೆಮನೆಗೆ ಬಂದು ಒಲೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಾರೆ. ಆ ಜನವೂ ಹಾಗೇ ಕೂತಿದ್ದರು. ಬೂದು ಅಂಗಿಯ ಇಬ್ಬರು ಗಂಡಸರು, ತಲೆಗೂದಲು ಒದ್ದೆಯಾಗಿದ್ದ ಒಬ್ಬ ಹೆಂಗಸು. ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ನಿಕ್ಲಾಯ್ ನಡುಗುವ ಕೈಯಲ್ಲಿ ಬಟ್ಟಲುಗಳನ್ನು ಇಳಿಸಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಎಲ್ಸ್ಪಾ ಒಳಗೆ ಬಂದಳು. ಇಷ್ಟೊಂದು ಬಟ್ಟಲು ಯಾರಿಗೆ ಎಂದು ಕೇಳುತ್ತಾ, ಒದ್ದೆ ತಲೆಯ ಹೆಂಗಸಿನ ಮೇಲೆಯೇ ಕೂತುಬಿಟ್ಟಳು.

ನಿಕ್ಲಾಯ್ ಹೇಳಿಕೊಳ್ಳುವಂಥ ದೊಡ್ಡ ಮನುಷ್ಯನಲ್ಲ. ಡೆನ್ಮಾರ್ಕಿಗೆ ಸೇರಿದ ಫೇರೋ ದ್ವೀಪಗಳ ಈ ದಕ್ಷಿಣ ತುದಿಯಲ್ಲಿ ಹುಟ್ಟಿದ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ಮೀಸೆ ಮೂಡುವ ಮೊದಲೇ ಗ್ರೀನ್‌ಲ್ಯಾಂಡಿನ ಕಡಲಿಗೆ ಮೀನು ಹಿಡಿಯಲು ಹೋದ, ಮದುವೆಯಾದ ಮೇಲೆ ಊರಿನ ಮೀನು ಕಾರ್ಖಾನೆಯಲ್ಲಿ ಚಾಕು ಹಿಡಿದ, ಉಳಿದ ಹೊತ್ತಿನಲ್ಲಿ ಕುರಿ ಸಾಕಿದ. ಮಾತು ಕಡಿಮೆ, ಹಟ ಜಾಸ್ತಿ. ಹಟದಲ್ಲಿ ಅವನನ್ನು ಮೀರಿಸುವವನು ಊರಿನಲ್ಲಿ ಒಬ್ಬನೇ, ಅವನ ಸ್ವಂತ ಅಣ್ಣ ಡೆಮ್ಮುಸ್. ಒಂದೇ ತಾಯಿಯ ಹಾಲು ಕುಡಿದವರು, ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವರು. ಆದರೆ ಐದು ವರ್ಷದಿಂದ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿರಲಿಲ್ಲ.

ಜಗಳ ಹುಟ್ಟಿದ್ದು ಶರತ್ಕಾಲದಲ್ಲಿ, ಕುರಿ ಅಟ್ಟುವ ದಿನ. ಅವತ್ತು ಊರಿನ ಗಂಡಸರೆಲ್ಲ ಗುಡ್ಡದ ಮೇಲೆ ಸಾಲಾಗಿ ನಿಂತು, ಕೂಗು ಹಾಕುತ್ತಾ ಕುರಿಗಳನ್ನು ಕೆಳಗಿನ ದೊಡ್ಡಿಗೆ ಇಳಿಸುತ್ತಾರೆ. ಹಳ್ಳದ ಕಿಂಡಿ ಕಾಯುವುದು ನಿಕ್ಲಾಯ್‌ನ ಪಾಲಿಗೆ ಬಂದಿತ್ತು. ಮಂದೆ ತನ್ನತ್ತ ತಿರುಗಿದಾಗ ಅವನು ಪಕ್ಕಕ್ಕೆ ಎರಡು ಹೆಜ್ಜೆ ಹಾಕಿ ಅಡ್ಡ ನಿಂತಿದ್ದರೆ ಸಾಕಿತ್ತು. ಕಾಲು ಏಳಲಿಲ್ಲ. ಯಾರೋ ಮೊಳೆ ಹೊಡೆದು ನಿಲ್ಲಿಸಿದ ಹಾಗೆ ನಿಂತ. ಕುರಿಗಳು ಅವನ ಪಕ್ಕದಲ್ಲೇ ನುಗ್ಗಿ ಮತ್ತೆ ಮಂಜಿನೊಳಗೆ ಹತ್ತಿಹೋದವು, ಇಡೀ ದಿನದ ದುಡಿಮೆ ನೀರುಪಾಲಾಯಿತು. ಡೆಮ್ಮುಸ್ ಇಳಿದು ಬಂದವನೇ ಎಲ್ಲರೆದುರು ಕೈ ತೋರಿಸಿ, ನೋಡಿ, ಕುಡಿದು ಬಂದಿದ್ದಾನೆ ಎಂದ. ನಿಕ್ಲಾಯ್ ಅವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ. ತನ್ನ ಕಾಲಿಗೆ ಏನಾಯಿತೆಂಬ ಹೆದರಿಕೆಯೇ ಅವನಿಗಿನ್ನೂ ಇಳಿದಿರಲಿಲ್ಲ. ಆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

“ಮಕ್ಕಳಿಲ್ಲದ ಮನೆಗೆ ಕುರಿ ಯಾರಿಗೋಸ್ಕರ ಕೂಡಿಡ್ತೀಯ?”

ಡೆಮ್ಮುಸ್‌ನ ಹೆಂಡತಿ ಸುನ್ನುವಾ ಕಾಫಿಯ ಫ್ಲಾಸ್ಕು ಹಿಡಿದುಕೊಂಡು ದೊಡ್ಡಿಯ ಕಲ್ಲುಗೋಡೆಯ ಆಚೆಯೇ ನಿಂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಚಳಿಗಾಲದಲ್ಲಿ ನಮ್ಮ ದ್ವೀಪಗಳ ರಾಜಧಾನಿಯ ಆಸ್ಪತ್ರೆಯವರು ಇದು ಪಾರ್ಕಿನ್ಸನ್ ಕಾಯಿಲೆ ಎಂದಾಗ, ಅಯ್ಯೋ ಪಾಪ, ಕುಡಿತ ಅಲ್ಲವಂತೆ ಎಂದು ಊರೆಲ್ಲ ಲೊಚಗುಟ್ಟಿತು. ಡೆಮ್ಮುಸ್‌ನ ಕಿವಿಗೂ ಅದು ಬಿತ್ತು. ಆದರೆ ತಪ್ಪೆಂದು ತಿಳಿಯುವುದು ಬೇರೆ, ಗುಡ್ಡ ಇಳಿದು ಬಂದು ಹಾಗೆಂದು ಹೇಳುವುದು ಬೇರೆ. ಅವನು ಮೊದಲು ಬರಲಿ ಎಂದು ಇವನು, ಇವನು ಮೊದಲು ಬರಲಿ ಎಂದು ಅವನು. ಚರ್ಚಿನಲ್ಲಿ ಒಬ್ಬ ಎಡಗಡೆ, ಒಬ್ಬ ಬಲಗಡೆ. ಇದೊಂದು ಸರಿಹೋಗದೆ ತಾನು ಸಾಯಬಾರದು ಎಂದು ನಿಕ್ಲಾಯ್‌ಗೆ ಒಳಗೊಳಗೇ ಇತ್ತು, ಹೇಳಲು ಬಾಯಿ ಬರುತ್ತಿರಲಿಲ್ಲ ಅಷ್ಟೆ.

ಮೊದಲು ಕೊಟ್ಟ ಗುಳಿಗೆ ಲೆವೊಡೋಪಾ. ಮೊದಮೊದಲು ಅದು ಪವಾಡವನ್ನೇ ಮಾಡಿತು. ಕಾಲು ಮರಳಿ ಬಂತು, ಬೇಸಿಗೆಯಲ್ಲಿ ತಾನೇ ಕುಡುಗೋಲು ಹಿಡಿದು ಹುಲ್ಲು ಕೊಯ್ದ. ಒಂದೇ ತಕರಾರು, ಮಾಂಸ ಮೀನಿನ ಜೊತೆ ನುಂಗಿದರೆ ಆ ಗುಳಿಗೆ ಹತ್ತುವುದಿಲ್ಲ. ನಮ್ಮಲ್ಲಿ ಮಾಂಸ ಮೀನು ಬಿಟ್ಟರೆ ಉಳಿಯುವುದು ಆಲೂಗಡ್ಡೆ ಮತ್ತು ರಬಾರ್ಬ್ ದಂಟಿನ ಜಾಮ್. ಹೀಗಾಗಿ ಒಣಗಿಸಿದ ಕುರಿಮಾಂಸದ ವಾಸನೆಗೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಗಂಡಸು ಜಾಮು ಸವರಿದ ಬ್ರೆಡ್ಡು ತಿಂದು ಗುಳಿಗೆ ನುಂಗಿ, ಮಾಂಸಕ್ಕಾಗಿ ಗಡಿಯಾರ ನೋಡುತ್ತಾ ಕೂರುವಂತಾಯಿತು. ವರ್ಷಗಳು ಕಳೆದ ಹಾಗೆ ಗುಳಿಗೆಯ ಗುಣವೂ ಬದಲಾಯಿತು. ಹತ್ತಿದಾಗ ಮೈ ತಾನಾಗಿಯೇ ತೊನೆಯತೊಡಗಿತು, ಭುಜ ಒಂದು ಕಡೆಗೆ, ಕತ್ತು ಇನ್ನೊಂದು ಕಡೆಗೆ. ಇಳಿದರೆ ಕಲ್ಲು. ನಡುವೆ ಮನುಷ್ಯನಾಗಿರಲು ಸಿಗುತ್ತಿದ್ದ ಹೊತ್ತು ದಿನದಿಂದ ದಿನಕ್ಕೆ ಕಿರಿದಾಗುತ್ತಾ ಬಂತು.

ಆ ತೊನೆತ ತಗ್ಗಿಸಲೆಂದು ಈ ವಸಂತದಲ್ಲಿ ಡೆನ್ಮಾರ್ಕಿನಿಂದ ಬಂದಿದ್ದ ವೈದ್ಯ ಇನ್ನೊಂದು ಗುಳಿಗೆ ಸೇರಿಸಿದ. ಅದರ ಹೆಸರು ಅಮಾಂಟಡಿನ್. ಡಬ್ಬದ ಮೇಲೆ ಡ್ಯಾನಿಶ್ ಭಾಷೆಯಲ್ಲಿ ಅಂಟಿಸಿದ್ದ ಚೀಟಿ ಇಷ್ಟೇ ಹೇಳುತ್ತಿತ್ತು: ಬೆಳಗ್ಗೆ ಒಂದು, ಮಿದ್ದಾಗ್ ಒಂದು.

ಇಲ್ಲಿ ಎಲ್ಸ್ಪಾಳ ವಿಷಯ ಹೇಳಬೇಕು. ಹರೆಯದಲ್ಲಿ ಅವಳು ಕೋಪನ್‌ಹೇಗನ್ನಿನ ಒಬ್ಬ ದಂತವೈದ್ಯನ ಮನೆಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿಂದ ಅವಳು ತಂದ ಆಸ್ತಿ ಎರಡು: ಬಿಳಿ ಮೇಜುವಸ್ತ್ರ ಒಂದು, ಡ್ಯಾನಿಶ್ ಭಾಷೆ ಒಂದು. ಮೇಜುವಸ್ತ್ರ ಹರಿದು ಎಷ್ಟೋ ವರ್ಷವಾಯಿತು, ಭಾಷೆಯ ಬಿಂಕ ಮಾತ್ರ ಹಾಗೇ ಉಳಿಯಿತು. ಪಾದ್ರಿಯ ಡ್ಯಾನಿಶ್‌ನಲ್ಲೂ ತಪ್ಪು ಹುಡುಕುವಷ್ಟು. ಡ್ಯಾನಿಶ್ ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ, ಮಿದ್ದಾಗ್ ಎಂದರೆ ಮಧ್ಯಾಹ್ನ ಎಂದು ಮಗುವಿಗೂ ಗೊತ್ತು. ಆದರೆ ಡೇನರು ದಿನದ ದೊಡ್ಡ ಊಟಕ್ಕೂ ಅದೇ ಹೆಸರಿಟ್ಟುಕೊಂಡಿದ್ದಾರೆ. ಒಂದು ಕಾಲದಲ್ಲಿ ಮಧ್ಯಾಹ್ನ ಉಣ್ಣುತ್ತಿದ್ದರೇನೋ, ಈಗ ಆ ಊಟ ಸಂಜೆ ಆರಕ್ಕೆ ಸರಿದಿದೆ. ಊಟ ಸರಿಯಿತು, ಹೆಸರು ಸರಿಯಲಿಲ್ಲ. ಕೋಪನ್‌ಹೇಗನ್ನಿನಲ್ಲಿ ಎಲ್ಸ್ಪಾ ದಿನಾ ಸಂಜೆ ಆರಕ್ಕೆ ಮಿದ್ದಾಗ್ ಬಡಿಸಿದವಳು.

“ನಮ್ಮೂರ ಬೇರೆ ಹೆಂಗಸರಾಗಿದ್ರೆ ಇದನ್ನ ಹನ್ನೆರಡಕ್ಕೇ ಕೊಟ್ಟು ಕೆಡಿಸ್ತಿದ್ರು,” ಎಂದು ಅವಳು ಗಂಡನಿಗೆ ಹೇಳಿದಳು. “ಪುಣ್ಯಕ್ಕೆ ನಾನು ಡೇನರನ್ನ ಹತ್ತಿರದಿಂದ ಕಂಡವಳು.”

ಹೀಗೆ ಮಧ್ಯಾಹ್ನದ ಗುಳಿಗೆ ಸಂಜೆಯ ಗುಳಿಗೆಯಾಯಿತು. ತೊನೆತವೇನೋ ತಗ್ಗಿತು. ಆದರೆ ನಿದ್ದೆ ಹಾರಿಹೋಯಿತು. ನಮ್ಮ ಬೇಸಿಗೆಯಲ್ಲಿ ಹೇಗೂ ಕತ್ತಲಾಗುವುದಿಲ್ಲ, ಅದರಲ್ಲಿ ನಿದ್ದೆಯೂ ಇಲ್ಲವೆಂದರೆ ಇವತ್ತು ಎಲ್ಲಿ ಮುಗಿಯಿತು, ನಾಳೆ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಹಾಗೆ ಬೆಸೆದುಹೋದ ಯಾವುದೋ ಒಂದು ದಿನ ಆ ಬೂದು ಅಂಗಿಯವರು ಬಂದು ಬೆಂಚಿನ ಮೇಲೆ ಕೂತರು.

ನಿಕ್ಲಾಯ್‌ಗೆ ಭಯವಾಗಲಿಲ್ಲ, ಗೊಂದಲವಾಯಿತು. ಪಕ್ಕದ ಮನೆಯ ಮುದುಕಿ ಬಿಲ್ಲಾಳ ಹತ್ತಿರ ಸುಳಿವು ಕೊಟ್ಟಾಗ ಅವಳು ಥಟ್ಟನೆ, ಬೂದು ಬಟ್ಟೆಯವರೇ, ಹಾಗಾದರೆ ಕಣ್ಣಿಗೆ ಬೀಳದೆ ಗುಡ್ಡದೊಳಗೆ ಬಾಳುವ ಜನವೇ ಎಂದಳು. ತನ್ನ ಅಜ್ಜಿಯ ಹಸುವಿನ ಹಾಲು ಕದ್ದವರೂ ಅವರೇ ಎಂದಳು. ನಿಕ್ಲಾಯ್ ಅದನ್ನೂ ಯೋಚಿಸಿ ನೋಡಿದ. ಗುಡ್ಡದೊಳಗಿನವರಿಗೆ ಅವರದೇ ಹಸುಗಳಿವೆ, ದೋಣಿಗಳಿವೆ, ಮಾಡಲು ಬೇಕಾದಷ್ಟು ಕೆಲಸವಿದೆ. ಅವರು ಬಂದು ಹೀಗೆ ಸುಮ್ಮನೆ ಗೋಡೆ ನೋಡುತ್ತಾ ಕೂರುವುದುಂಟೆ? ತನ್ನ ತಲೆಯೇ ಕೆಟ್ಟಿದೆ ಎಂದುಕೊಂಡರೆ, ಕೆಟ್ಟ ತಲೆಗೆ ಆ ಹೆಂಗಸಿನ ಅಂಗಿಯ ಕಿತ್ತುಹೋದ ಗುಂಡಿ ಅಷ್ಟು ಸ್ಪಷ್ಟವಾಗಿ ಹೇಗೆ ಕಾಣುತ್ತದೆ? ವೈದ್ಯನಿಗೆ ಹೇಳೋಣವೆಂದರೆ ಗಂಡಹೆಂಡಿರಿಬ್ಬರಿಗೂ ಒಂದೇ ಹೆದರಿಕೆ. ಬುದ್ಧಿ ಅಲೆಯುವವರಿಗೆಂದು ಪಕ್ಕದ ಊರಿನಲ್ಲಿ ಒಂದು ಮನೆಯಿದೆ, ಅಲ್ಲಿಗೆ ಹಾಕಿಬಿಡುತ್ತಾರೆ ಎಂದು. ಆದ್ದರಿಂದ ಎಲ್ಸ್ಪಾ ತಾನೇ ಒಂದು ಕಟ್ಟಳೆ ಮಾಡಿಕೊಟ್ಟಳು.

“ನಮ್ಮೂರಲ್ಲಿ ಒಳಗೆ ಬಂದವರು ತಾವೇ ಮೊದಲು ಮಾತಾಡಿಸ್ತಾರೆ, ಅಲ್ವಾ? ಮಾತಾಡಿಸಿದ್ರೆ ಮನುಷ್ಯರು. ಸುಮ್ಮನೆ ಕೂತ್ರೆ ಅವರ ಕಡೆ ನೋಡ್ಲೂ ಬೇಡ.”

ಒಳ್ಳೆಯ ಕಟ್ಟಳೆಯೇ. ನಿಕ್ಲಾಯ್ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಬೂದು ಅಂಗಿಯವರು ಬಂದಾಗ ಕುರ್ಚಿ ತಿರುಗಿಸಿಕೊಂಡು ಕಡಲು ನೋಡುತ್ತಾ ಕೂರುತ್ತಿದ್ದ. ಅವರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಎಲ್ಸ್ಪಾ ಹೆಣಿಗೆಯ ಕೂಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಹೊರಗೆ ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ನಿಕ್ಲಾಯ್ ತೂಕಡಿಕೆಯಿಂದ ತಲೆಯೆತ್ತಿದಾಗ ಬೆಂಚಿನ ಮೇಲೆ ಡೆಮ್ಮುಸ್ ಕೂತಿದ್ದ. ಬೂದು ಉಣ್ಣೆಯ ಅಂಗಿ, ಕಾಲಲ್ಲಿ ಕಾಲುಚೀಲ, ಮೊಣಕಾಲ ಮೇಲೆ ಟೋಪಿ. ಗೋಡೆ ನೋಡುತ್ತಿರಲಿಲ್ಲ, ನೇರ ನಿಕ್ಲಾಯ್‌ನನ್ನೇ ನೋಡುತ್ತಿದ್ದ. ಮಾತಿಲ್ಲ. ನಿಕ್ಲಾಯ್‌ನ ಎದೆ ಧಸಕ್ಕೆಂದಿತು. ಓಹೋ, ಈಗ ಇವರು ನನ್ನಣ್ಣನ ಮುಖ ಹಾಕಿಕೊಂಡು ಬರುವವರೆಗೂ ಹೋದರು ಎಂದುಕೊಂಡ. ಐದು ವರ್ಷ ಬಾರದವನು ಇವತ್ತು ಯಾಕೆ ಬರುತ್ತಾನೆ? ಬಂದವನಾದರೆ ಒಂದು ಮಾತು ಆಡಬಾರದೆ? ಕಾದ. ಬೆಂಚಿನ ಮೇಲಿದ್ದವನ ತುಟಿ ಅಲ್ಲಾಡಿದ ಹಾಗಾಯಿತು, ಮಾತು ಹೊರಡಲಿಲ್ಲ. ಕಟ್ಟಳೆ ಕಟ್ಟಳೆಯೇ. ನಿಕ್ಲಾಯ್ ಕುರ್ಚಿಯನ್ನು ಕಷ್ಟಪಟ್ಟು ತಿರುಗಿಸಿ, ಏನೂ ಕಾಣದ ಕಿಟಕಿಯ ಕಡೆ ಮುಖ ಮಾಡಿದ.

ಮತ್ತೆ ತಿರುಗಿದಾಗ ಬೆಂಚು ಖಾಲಿ. ಅವನು ಮೆಲ್ಲಗೆ ಎದ್ದು ಹೋಗಿ ಹಲಗೆಯ ಮೇಲೆ ಅಂಗೈಯಿಟ್ಟು, ಬೆಚ್ಚಗಿದೆಯೇ ನೋಡಿದ. ಬೆಚ್ಚಗಿತ್ತು. ಆದರೆ ಬೆಂಚಿನ ಪಕ್ಕದಲ್ಲೇ ಒಲೆ, ಆ ಹಲಗೆ ಯಾವಾಗಲೂ ಬೆಚ್ಚಗೇ ಇರುತ್ತದೆ. ಎಲ್ಸ್ಪಾ ಬಂದಾಗ ಅವನು ಏನೂ ಹೇಳಲಿಲ್ಲ.

ಗುಟ್ಟು ಹೊರಬಿದ್ದದ್ದು ಮನೆಮನೆಗೆ ಬರುವ ನರ್ಸ್ ಮಾರ್ಯುನ್‌ಳಿಂದ. ಅವಳು ಯಾವಾಗಲೂ ಬೆಳಗ್ಗೆ ಬರುವವಳು, ಅವತ್ತು ಕಾರು ಕೆಟ್ಟು ಸಂಜೆ ಊಟದ ಹೊತ್ತಿಗೆ ಬಂದಳು. ಎಲ್ಸ್ಪಾ ತಟ್ಟೆಯ ಪಕ್ಕ ಗುಳಿಗೆ ಇಡುವುದನ್ನು ಕಂಡು, ಇದನ್ನು ಈಗ ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದಳು. ಎಲ್ಸ್ಪಾ ಚೀಟಿ ತೋರಿಸಿ, ಡೇನರು ಮಿದ್ದಾಗ್ ಉಣ್ಣುವುದು ಯಾವಾಗ ಎಂದು ನಿನಗೆ ಗೊತ್ತಿಲ್ಲವೇ, ನೀನೂ ಅಲ್ಲೇ ಓದಿದವಳಲ್ಲವೇ ಎಂದು ತಿರುಗಿಸಿ ಕೇಳಿದಳು.

“ಉಣ್ಣೋದು ಆರಕ್ಕೇ, ನಿಜ,” ಎಂದಳು ಮಾರ್ಯುನ್. “ಆದ್ರೆ ಔಷಧಿ ಚೀಟಿ ಮೇಲೆ ಮಿದ್ದಾಗ್ ಅಂದ್ರೆ ಬರೀ ಮಧ್ಯಾಹ್ನ. ಇದನ್ನ ಸಂಜೆ ನುಂಗಿದ್ರೆ ನಿದ್ದೆ ಬರೋಲ್ಲ. ಕೆಲವರಿಗೆ ಇಲ್ಲದವರೆಲ್ಲ ಕಾಣಿಸ್ಕೊಳ್ತಾರೆ.”

ಎಲ್ಸ್ಪಾ ತಟ್ಟೆಯ ಪಕ್ಕ ಇಟ್ಟಿದ್ದ ಗುಳಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಜೀವಮಾನದಲ್ಲಿ ಅವಳ ಡ್ಯಾನಿಶ್ ಅವಳಿಗೆ ಕೈಕೊಟ್ಟದ್ದು ಅದೇ ಮೊದಲು, ಅದೂ ಗೊತ್ತಿಲ್ಲದೆ ಅಲ್ಲ, ಅತಿಯಾಗಿ ಗೊತ್ತಿದ್ದು. ಅಳುತ್ತಾ ಎಲ್ಲವನ್ನೂ ಹೇಳಿದಳು, ಬೆಂಚಿನ ಮೇಲಿನವರ ವಿಷಯವನ್ನೂ. ಮಾರ್ಯುನ್ ಬೈಯಲಿಲ್ಲ. ಅಲ್ಲಿಂದಲೇ ವೈದ್ಯನಿಗೆ ಫೋನು ಮಾಡಿದಳು, ವೈದ್ಯ ಗುಳಿಗೆಯನ್ನು ಅರ್ಧಕ್ಕೆ ಇಳಿಸಿ ಮಧ್ಯಾಹ್ನಕ್ಕೆ ಸರಿಸಿದ. ಯಾರೂ ನಿಕ್ಲಾಯ್‌ನನ್ನು ಪಕ್ಕದ ಊರಿನ ಮನೆಗೆ ಹಾಕುವ ಮಾತೆತ್ತಲಿಲ್ಲ.

ನಿದ್ದೆ ಮರಳಿತು. ಬೂದು ಅಂಗಿಯವರು ಅಪರೂಪವಾದರು, ಕೊನೆಗೆ ಬರುವುದನ್ನೇ ಬಿಟ್ಟರು. ಮನೆಯಲ್ಲಿ ಎಲ್ಸ್ಪಾ ಹಾಡು ಗುನುಗತೊಡಗಿದಳು. ನಿಕ್ಲಾಯ್‌ಗೆ ಮಾತ್ರ ನೆಮ್ಮದಿ ಬರಲಿಲ್ಲ, ಹೊಸ ಹುಳು ಹೊಕ್ಕಿತು. ಬಂದವರೆಲ್ಲ ಗುಳಿಗೆಯ ಜನ, ಸರಿ. ಡೆಮ್ಮುಸ್? ಅವನೂ ಗುಳಿಗೆಯವನೇ, ಇಲ್ಲ ಗುಡ್ಡ ಇಳಿದು ಬಂದ ಅಣ್ಣನೇ? ನಿಜವಾಗಿ ಬಂದಿದ್ದರೆ, ಐದು ವರ್ಷದ ಹಟ ನುಂಗಿಕೊಂಡು ಬಂದವನಿಗೆ ತಾನು ಬೆನ್ನು ತಿರುಗಿಸಿ ಕೂತಂತಾಯಿತು. ಈ ಕಾಯಿಲೆ ಮುಖವನ್ನೂ ಕಲ್ಲು ಮಾಡುತ್ತದೆ. ಎದೆ ಧಸಕ್ಕೆಂದದ್ದು ಎದೆಗೆ ಗೊತ್ತು, ಮುಖದಲ್ಲಿ ಅಣ್ಣನಿಗೆ ಕಂಡದ್ದೇನು? ಬರೀ ದ್ವೇಷ ಕಂಡಿರಬೇಕು.

ಯಾರನ್ನು ಕೇಳುವುದು? ಊರಿನ ದಾರಿಯಲ್ಲಿ ಬೆಕ್ಕು ದಾಟಿದರೂ ಬಿಲ್ಲಾಳ ಕಿಟಕಿಗೆ ಗೊತ್ತಾಗುತ್ತದೆ. ಆದರೆ ಅವತ್ತು ಅವಳೂ ಹೆಣಿಗೆಯ ಕೂಟದಲ್ಲಿದ್ದಳು, ಮನೆಯಲ್ಲಿದ್ದಿದ್ದರೂ ಆ ಮಂಜಿನಲ್ಲಿ ಏನು ಕಾಣುತ್ತಿತ್ತು? ಡೆಮ್ಮುಸ್‌ನನ್ನೇ ಕೇಳುವುದೆಂದರೆ, ಬಂದಿರದಿದ್ದರೆ ಅವನೇನು ಅಂದುಕೊಳ್ಳುತ್ತಾನೆ? ಮೊದಲು ಕುಡುಕನಾಗಿದ್ದ, ಈಗ ಹುಚ್ಚನೂ ಆದ ಎಂದು ನಗುತ್ತಾನೆ. ಬಂದಿದ್ದನೆಂದೇ ಇಟ್ಟುಕೊಂಡರೆ, ಇನ್ನು ಯಾವ ಮುಖ ಹೊತ್ತು ಹೋಗುವುದು? ಹೀಗೆ ಯೋಚಿಸಿ ಯೋಚಿಸಿ ಅವನು ಎರಡು ಕಡೆಯಿಂದಲೂ ಸಿಕ್ಕಿಕೊಂಡ. ಡೆಮ್ಮುಸ್ ಈಚೆಗೆ ಈ ಕಡೆ ಬಂದದ್ದುಂಟೇ ಎಂದು ಎಲ್ಸ್ಪಾಳನ್ನು ಹಗುರವಾಗಿ ಕೇಳಿದ. ಅವನ ಕಾಲಿಗೆ ಈ ದಾರಿಯೇ ಮರೆತಿದೆ ಎಂದು ಅವಳು ಆಲೂಗಡ್ಡೆ ಸುಲಿಯುತ್ತಲೇ ಹೇಳಿದಳು. ಆಮೇಲೆ ಅದರ ಜೊತೆಗೇ ಇನ್ನೊಂದು ಸುದ್ದಿ ಹೇಳಿದಳು. ಡೆಮ್ಮುಸ್‌ಗೆ ಹೃದಯದ ತೊಂದರೆಯಂತೆ, ಕುರಿ ಮಾರಿದ್ದಾರಂತೆ, ಆಸ್ಪತ್ರೆ ಹತ್ತಿರವಿರಲೆಂದು ಗಂಡಹೆಂಡಿರು ಈ ವಾರವೇ ರಾಜಧಾನಿಗೆ ಹೊರಟುಬಿಡುತ್ತಾರಂತೆ.

ನಿಕ್ಲಾಯ್ ಮರುದಿನ, ಗುಳಿಗೆ ಚೆನ್ನಾಗಿ ಹತ್ತಿದ ಹೊತ್ತು ನೋಡಿಕೊಂಡು ಹೊರಟ. ಎಲ್ಲಿಗೆ ಎಂದು ಎಲ್ಸ್ಪಾ ಕೇಳಿದ್ದಕ್ಕೆ ಮೇಲಕ್ಕೆ ಎಂದಷ್ಟೇ ಹೇಳಿದ. ಡೆಮ್ಮುಸ್‌ನ ಮನೆ ಊರಿನ ಮೇಲ್ತುದಿಯಲ್ಲಿ. ದಾರಿಯುದ್ದಕ್ಕೂ ಕಾಲು ಹೇಳಿದ ಹಾಗೆ ಕೇಳಿತು. ಬಾಗಿಲು ತೆಗೆದ, ಗೋಡೆ ಹಿಡಿದು ಬೂಟು ಕಳಚಿದ, ಅಡುಗೆಮನೆಯ ಹೊಸ್ತಿಲವರೆಗೆ ಬಂದ. ಅಲ್ಲಿ ಕಾಲು ನಿಂತುಹೋಯಿತು. ಈ ಕಾಯಿಲೆಗೆ ಹೊಸ್ತಿಲೆಂದರೆ ಆಗುವುದಿಲ್ಲ. ಬಯಲಲ್ಲಿ ಓಡುವ ಕಾಲು ಬಾಗಿಲಲ್ಲಿ ಅಂಟಿಕೊಳ್ಳುತ್ತದೆ.

ಒಳಗೆ ಎಲ್ಲೆಲ್ಲೂ ರಟ್ಟಿನ ಪೆಟ್ಟಿಗೆಗಳು. ಸುನ್ನುವಾ ಬಟ್ಟಲುಗಳಿಗೆ ಹಳೆಯ ಪತ್ರಿಕೆ ಸುತ್ತುತ್ತಿದ್ದಳು, ಡೆಮ್ಮುಸ್ ಮೇಜಿನ ಮುಂದೆ ಕೂತಿದ್ದ. ಇಬ್ಬರೂ ತಲೆಯೆತ್ತಿ ನೋಡಿದರು. ಹೊಸ್ತಿಲಾಚೆ ಕಲ್ಲಿನಂಥ ಮುಖದ ತಮ್ಮ, ಒಳಗೂ ಬಾರದೆ, ಮಾತೂ ಆಡದೆ. ಬಂದವನೇ ಮೊದಲು ಮಾತಾಡಬೇಕು ಎಂದು ನಿಕ್ಲಾಯ್‌ಗೆ ಗೊತ್ತಿತ್ತು. ಬಾಯಿ ತೆರೆದರೆ ಬರೀ ಉಸಿರು ಬಂತು.

“ಜಗಳಕ್ಕೆ ಬಂದಿದ್ರೆ ಅಲ್ಲೇ ನಿಂತು ಮುಗಿಸು,” ಎಂದ ಡೆಮ್ಮುಸ್.

“ಕಾಲು ಬರ್ತಿಲ್ಲ, ಅಣ್ಣ.” ದನಿ ಎಷ್ಟು ಸಣ್ಣಗಿತ್ತೆಂದರೆ ಡೆಮ್ಮುಸ್ ಎದ್ದು ಹತ್ತಿರ ಬರಬೇಕಾಯಿತು. “ನಿನ್ನ ಕಾಲು ನನ್ನ ಕಾಲಿನ ಮುಂದೆ ಅಡ್ಡ ಇಡು. ಅದನ್ನ ದಾಟ್ಕೊಂಡು ಬರ್ತೀನಿ.”

ಡೆಮ್ಮುಸ್‌ಗೆ ಅರ್ಥವಾಗಲಿಲ್ಲ. ಆದರೂ ಉಣ್ಣೆಯ ಕಾಲುಚೀಲದ ತನ್ನ ದೊಡ್ಡ ಪಾದವನ್ನು ಹೊಸ್ತಿಲಿಗೆ ಅಡ್ಡವಾಗಿಟ್ಟ. ನಿಕ್ಲಾಯ್ ಅದನ್ನೇ ನೋಡಿದ. ನೆಲದ ಮೇಲೆ ಏಳದ ಕಾಲು, ದಾಟಲು ಏನಾದರೂ ಸಿಕ್ಕರೆ ಏಳುತ್ತದೆ. ಯಾಕೆಂದು ವೈದ್ಯರೂ ಅವನಿಗೆ ಸರಿಯಾಗಿ ಹೇಳಿರಲಿಲ್ಲ. ಅಣ್ಣನ ಪಾದವನ್ನು ದಾಟಿ ಒಳಗೆ ಬಂದ. ಡೆಮ್ಮುಸ್ ಅವನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದ, ಕೂರಿಸಿದ ಮೇಲೂ ತೋಳು ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡ.

ನಿಕ್ಲಾಯ್ ಸುತ್ತಿ ಬಳಸದೆ ಕೇಳಿಯೇಬಿಟ್ಟ. ಗುಳಿಗೆಯ ವಿಷಯ, ಬೂದು ಅಂಗಿಯವರ ವಿಷಯ, ಎಲ್ಸ್ಪಾಳ ಮಿದ್ದಾಗ್, ಮಂಜಿನ ದಿನ, ಎಲ್ಲ ಹೇಳಿದ. ನಗುವುದಿದ್ದರೆ ನಗಲಿ ಎಂದು ಹೇಳಿದ.

“ಅವತ್ತು ನೀನು ಬಂದಿದ್ಯಾ?”

ಡೆಮ್ಮುಸ್ ನಗಲಿಲ್ಲ. ಮೇಜಿನ ಮೇಲಿನ ಏನೋ ಕಲೆಯನ್ನು ಬೆರಳಿನಿಂದ ಉಜ್ಜಿದ.

“ಬಂದಿದ್ರೆ ಏನಂತಿದ್ದೆ?”

“ಅವತ್ತು ದೊಡ್ಡಿ ಹತ್ರ ಅತ್ತಿಗೆ ಕೇಳೋ ಹಾಗೆ ಆ ಮಾತು ಆಡಬಾರದಿತ್ತು ಅಂತಿದ್ದೆ. ಅತ್ತಿಗೆ ಕೇಳದಿದ್ರೂ ಆಡಬಾರದಿತ್ತು.”

ಸುನ್ನುವಾ ಅವನ ಮುಖವನ್ನು ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ, ಕಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು. ಅವಳು ಪೆಟ್ಟಿಗೆಗೆ ಕೈ ಹಾಕಿ, ಆಗಷ್ಟೇ ಸುತ್ತಿಟ್ಟಿದ್ದ ಒಂದು ಬಟ್ಟಲು ತೆಗೆದು, ಕಾಗದ ಬಿಚ್ಚಿ, ತೊಳೆದು, ಅವನ ಮುಂದಿಟ್ಟಳು.

“ಹಾಗಾದ್ರೆ ಬಂದಿದ್ದೆ,” ಎಂದ ಡೆಮ್ಮುಸ್. “ಬಂದು, ನಿನ್ನನ್ನ ಕುಡುಕ ಅಂದಿದ್ದು ತಪ್ಪಾಯ್ತು ಅಂತ ಹೇಳಿ ಹೋಗಿದ್ದೆ.”

ಬೆಂಚಿನ ಮೇಲೆ ಕೂತಿದ್ದವನು ಅವತ್ತು ಒಂದು ಮಾತೂ ಆಡಿರಲಿಲ್ಲ. ಅದು ನಿಕ್ಲಾಯ್‌ಗೆ ಚೆನ್ನಾಗಿ ನೆನಪಿತ್ತು.

“ಹೌದು,” ಎಂದ. “ಕೇಳಿಸ್ತು.”